ನಗುವೂ ಒಂದು ಮನೆಮದ್ದು

ಬೆಳಿಗ್ಗೆ ಏಳು ಗಂಟೆಯ ಸಮಯ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ. ಮಗನಿಗೆ ಒಂದು ಕಾಲುಚೀಲ ಸಿಕ್ಕಿದೆ, ಇನ್ನೊಂದು ಸಿಕ್ಕಿಲ್ಲ. ಮಗಳ ಶಾಲಾ ಬಸ್ಸು ತಿರುವಿನಲ್ಲಿ ಹಾರನ್ ಹಾಕುತ್ತಿದೆ. ಯಜಮಾನರು ಸ್ಕೂಟರಿನ ಕೀಲಿಕೈಗಾಗಿ ಮನೆಯೆಲ್ಲ ಜಾಲಾಡುತ್ತಿದ್ದಾರೆ. ಅದು ಅವರ ಜೇಬಿನಲ್ಲಿಯೇ ಇದೆ. ಇಂತಹ ಹೊತ್ತಿನಲ್ಲಿ ಮನೆಯೊಡತಿಯ ಮುಂದೆ ಎರಡು ದಾರಿಗಳಿವೆ. ಎಲ್ಲರ ಮೇಲೂ ರೇಗಬಹುದು, ಇಲ್ಲವೇ ನಕ್ಕುಬಿಡಬಹುದು. ಯಾವುದನ್ನು ಮಾಡಿದರೂ ಚೆಲ್ಲಿದ ಹಾಲು ಪಾತ್ರೆಗೆ ಮರಳದು. ಆದರೆ ಮನೆಯವರೆಲ್ಲರ ಆ ದಿನ ಹೇಗೆ ಸಾಗುತ್ತದೆ ಎಂಬುದನ್ನು ಆ ಒಂದು ಕ್ಷಣವೇ ನಿರ್ಧರಿಸೀತು.

ಮನಸ್ಸಿಗೆ ಒತ್ತಡ ಉಂಟಾದಾಗ ನಮ್ಮ ದೇಹ ಶತ್ರುವನ್ನು ಎದುರಿಸುವಂತೆ ಸಜ್ಜಾಗುತ್ತದೆ. ಅಡ್ರಿನಾಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ನಿಜವಾದ ಅಪಾಯ ಎದುರಾದಾಗ ಇದು ನಮ್ಮನ್ನು ಕಾಪಾಡುವ ವ್ಯವಸ್ಥೆ. ಆದರೆ ಕಾಲುಚೀಲ, ಕೀಲಿಕೈ, ಸಾಲದ ಕಂತುಗಳನ್ನೂ ದೇಹ ಶತ್ರುಗಳೆಂದೇ ಭಾವಿಸುತ್ತಾ ಹೋದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ನಾಲಿಗೆಯ ಮೇಲಿನ ಹಿಡಿತ ತಪ್ಪುತ್ತದೆ. ಮನಸಾರೆ ನಕ್ಕಾಗಲೂ ಎದೆಬಡಿತ ಒಂದಿಷ್ಟು ಏರುವುದು ನಿಜ. ಆದರೆ ಆ ನಗು ನಿಂತ ಮೇಲೆ ಉಸಿರು ಆಳವಾಗುತ್ತದೆ, ಬಿಗಿದ ಮೈ ಸಡಿಲಗೊಳ್ಳುತ್ತದೆ.

ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ ಅವರ ಅನುಭವ ಈ ವಿಷಯದಲ್ಲಿ ಪ್ರಸಿದ್ಧವಾದುದು. 1964ರಲ್ಲಿ ಅವರು ಕೀಲುಗಳ ತೀವ್ರ ಬೇನೆಯಿಂದ ಹಾಸಿಗೆ ಹಿಡಿದರು. ವೈದ್ಯರ ಸಲಹೆ ಪಡೆಯುತ್ತಲೇ ಅವರು ಹಾಸ್ಯ ಚಲನಚಿತ್ರಗಳನ್ನು ತರಿಸಿಕೊಂಡು ನೋಡಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ರೆ ಬರುತ್ತಿತ್ತೆಂದು 1979ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ಒಬ್ಬರ ಅನುಭವ ಎಲ್ಲರಿಗೂ ಪ್ರಮಾಣವಾಗದು. ಆದರೆ 2011ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಇತರರೊಡನೆ ಕೂಡಿ ನಕ್ಕವರ ನೋವು ಸಹಿಸುವ ಶಕ್ತಿ ಹೆಚ್ಚಿದುದು ಕಂಡುಬಂದಿತು.

ನಮ್ಮ ನಾಡಿಗೂ ಇದು ಹೊಸ ವಿಷಯವೇನಲ್ಲ. 'ರಾಶಿ' ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಬೆಂಗಳೂರಿನ ಹೆಸರಾಂತ ವೈದ್ಯರು. ಮಹಾಯುದ್ಧದ ಸಂಕಟದ ನಡುವೆ, 1942ರಲ್ಲಿ, ಅವರು 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆಯನ್ನು ಆರಂಭಿಸಿದರು. ಪಡಿತರ, ಅಭಾವ, ಬೆಲೆಯೇರಿಕೆಗಳ ಆ ದಿನಗಳಲ್ಲಿ ರೋಗಿಗಳಿಗೆ ಮದ್ದು ಕೊಡುತ್ತಿದ್ದ ವೈದ್ಯರೇ ಓದುಗರಿಗೆ ನಗುವನ್ನೂ ಕೊಟ್ಟರು.

ಧಾರ್ಮಿಕ ಜೀವನವೆಂದರೆ ಗಂಟುಮುಖ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಕೆಲವರಿಗಿದೆ. ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ಮುಪ್ಪಿನಲ್ಲಿ ಮಗು ಹುಟ್ಟುವುದೆಂಬ ವಾಗ್ದಾನವನ್ನು ಗುಡಾರದ ಬಾಗಿಲಲ್ಲಿ ಕೇಳಿಸಿಕೊಂಡ ಸಾರಾ ನಂಬಲಾರದೆ ಒಳಗೊಳಗೇ ನಕ್ಕಳು. ವಾಗ್ದಾನ ನೆರವೇರಿದಾಗ ಹರ್ಷದಿಂದ ನಕ್ಕಳು. ಮಗುವಿಗೆ ಇಟ್ಟ ಇಸಾಕ ಎಂಬ ಹೆಸರಿನ ಅರ್ಥವೇ 'ಅವನು ನಗುತ್ತಾನೆ' ಎಂದು. ರೋಮ್ ನಗರದಲ್ಲಿ ಸೇವೆ ಸಲ್ಲಿಸಿದ ಸಂತ ಫಿಲಿಪ್ ನೇರಿ, ಜನರು ತಮ್ಮನ್ನು ಮಹಾಪುರುಷನೆಂದು ಹೊಗಳುವುದನ್ನು ತಪ್ಪಿಸಲು ಅರ್ಧ ಗಡ್ಡ ಬೋಳಿಸಿಕೊಂಡು ಹೊರಟರಂತೆ. ಸಂತ ಥಾಮಸ್ ಮೋರ್ 1535ರಲ್ಲಿ ಶಿರಚ್ಛೇದನದ ವೇದಿಕೆ ಏರುವಾಗ ಮೆಟ್ಟಿಲುಗಳು ಅಲುಗಾಡುತ್ತಿದ್ದವು. ಹತ್ತಲು ಮಾತ್ರ ಕೈಕೊಡಿ, ಇಳಿಯುವುದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಅವರು ಅಧಿಕಾರಿಗೆ ಹೇಳಿದರೆಂದು ಅವರ ಅಳಿಯ ಬರೆದಿಟ್ಟಿದ್ದಾರೆ. ತನ್ನನ್ನು ದೇವರ ಕೈಗೆ ಒಪ್ಪಿಸಿದವನಿಗೆ ಮಾತ್ರ ಬರುವ ಹಾಸ್ಯವಿದು.

ನಮಗೆ ಪರಿಚಿತವಾದ ಒಂದು ಕುಟುಂಬದ ಮಾತು. ತಂದೆಗೆ ಹಲವು ವಾರಗಳಿಂದ ಮುಖದಲ್ಲಿ ಕಳೆಯಿಲ್ಲ. ಕೇಳಿದರೆ ಉತ್ತರವಿಲ್ಲ, ಮತ್ತೆ ಕೇಳಿದರೆ ಸಿಡುಕು. ಒಂದು ಸಂಜೆ ಕರೆಂಟು ಹೋಗಿತ್ತು. ಮೇಣದ ಬತ್ತಿಯ ಬೆಳಕಿನಲ್ಲಿ ಎಲ್ಲರೂ ಜಪಸರಕ್ಕೆ ಕುಳಿತರು. ಕೊನೆಯಲ್ಲಿ ಒಬ್ಬೊಬ್ಬರೂ ತಮ್ಮ ಬಿನ್ನಹವನ್ನು ಹೇಳುವುದು ಆ ಮನೆಯ ರೂಢಿ. ಆರು ವರ್ಷದ ಕಿರಿಯವಳು ಕೈಮುಗಿದು, "ಸ್ವಾಮಿ, ನಮ್ಮ ಮನೆಗೆ ಬೇಗ ಕರೆಂಟು ಬರಲಿ. ಅಪ್ಪನ ಮುಖಕ್ಕೂ ಬರಲಿ" ಎಂದಳು. ತಾಯಿ ಗಾಬರಿಗೊಂಡರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಂದೆ ಕ್ಷಣಕಾಲ ಸುಮ್ಮನಿದ್ದವರು ತಡೆಯಲಾರದೆ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು. ಆ ರಾತ್ರಿ ಊಟವಾದ ಮೇಲೆ, ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಸಾಲದ ವಿಷಯವನ್ನು ಪತ್ನಿಯ ಮುಂದೆ ತೆರೆದಿಟ್ಟರು. ನಗುವಿನಿಂದ ಸಾಲ ತೀರಲಿಲ್ಲ. ಆದರೆ ಒಬ್ಬರು ಹೊತ್ತಿದ್ದ ಹೊರೆಗೆ ಅಂದಿನಿಂದ ಇಬ್ಬರು ಹೆಗಲು ಕೊಟ್ಟರು.

ನಗುವಿನ ನಿಜವಾದ ಉಪಕಾರ ಇದೇ. ಅದು ಕಷ್ಟವನ್ನು ಅಳಿಸುವುದಿಲ್ಲ. ಕಷ್ಟದ ಸುತ್ತ ನಾವು ಕಟ್ಟಿಕೊಂಡ ಗೋಡೆಯಲ್ಲಿ ಒಂದು ಬಾಗಿಲು ತೆರೆಯುತ್ತದೆ.

ಆದರೆ ಎಲ್ಲ ನಗುವೂ ಮದ್ದಲ್ಲ. ಸೊಸೆಯ ಅಡುಗೆ, ಮಗನ ಅಂಕಗಳು, ನೆರೆಯವರ ಬಣ್ಣ ಅಥವಾ ಬಡತನವನ್ನು ಕುರಿತ ಗೇಲಿ ನಗಿಸಿದವರಿಗೆ ಕ್ಷಣದ ಸುಖ, ಕೇಳಿಸಿಕೊಂಡವರಿಗೆ ಬಹುಕಾಲದ ಗಾಯ. ನಮ್ಮನ್ನು ನೋಡಿ ನಾವೇ ನಗುವುದು ಆರೋಗ್ಯಕರ; ಎಲ್ಲರೂ ಕೂಡಿ ನಗುವುದು ಇನ್ನೂ ಆರೋಗ್ಯಕರ. ಹಾಗೆಯೇ, ದುಃಖದಲ್ಲಿರುವವರಿಗೆ "ನಗಿ, ಎಲ್ಲ ಸರಿಹೋಗುತ್ತದೆ" ಎಂದು ಉಪದೇಶಿಸುವುದು ಸಲ್ಲದು. ಅಳುವ ಹೊತ್ತಿನಲ್ಲಿ ಜೊತೆಗೆ ಅಳುವುದೇ ಪ್ರೀತಿ. ವಾರಗಟ್ಟಲೆ ನಿದ್ರೆ, ಹಸಿವು, ಉತ್ಸಾಹಗಳು ಇಲ್ಲವಾದರೆ ಅದು ಹಾಸ್ಯದಿಂದ ವಾಸಿಯಾಗುವಂತಹುದಲ್ಲ. ಸಂಕೋಚಪಡದೆ ವೈದ್ಯರನ್ನು ಕಾಣಬೇಕು.

ಉಳಿದ ಸಾಮಾನ್ಯ ದಿನಗಳಿಗೆ ಒಂದು ಸುಲಭ ಅಭ್ಯಾಸವನ್ನು ಪ್ರಯತ್ನಿಸಬಹುದು. ರಾತ್ರಿ ಊಟಕ್ಕೆ ಕುಳಿತಾಗ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು, ಆ ದಿನ ತಾನು ಮಾಡಿಕೊಂಡ ಒಂದು ಎಡವಟ್ಟನ್ನು ಪ್ರತಿಯೊಬ್ಬರೂ ಹೇಳಲಿ. ಆರಂಭ ಮನೆಯ ಹಿರಿಯರಿಂದಲೇ ಆಗಲಿ. ಜೇಬಿನಲ್ಲಿದ್ದ ಕೀಲಿಕೈಯನ್ನು ಮನೆಯೆಲ್ಲ ಹುಡುಕಿದ ಕತೆಯನ್ನು ತಂದೆಯೇ ನಗುತ್ತ ಹೇಳಿದರೆ, ಪರೀಕ್ಷೆಯಲ್ಲಿ ಎಡವಿದ ಮಗ ನಾಳೆ ತನ್ನ ಅಂಕಪಟ್ಟಿಯನ್ನು ಬಚ್ಚಿಡಲಾರ.