ಬಿಡದಿಯ ಹೈಬ್ರಿಡ್ ಕಾರು: ವರ್ತಕನ ಲೆಕ್ಕದ ಪುಸ್ತಕದಲ್ಲಿ

ಮನೆಗೂ ಆಗಬೇಕು, ವ್ಯವಹಾರಕ್ಕೂ ಒದಗಬೇಕು ಎಂಬ ಎರಡು ಬೇಡಿಕೆಗಳನ್ನು ಒಂದೇ ವಾಹನದ ಮೇಲೆ ಹೇರುವುದು ರಾಜ್ಯದ ವರ್ತಕ ಸಮುದಾಯದ ಹಳೆಯ ರೂಢಿ. 2000ನೇ ಇಸವಿಯ ಆರಂಭದಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದ ಕ್ವಾಲಿಸ್ ಈ ಬೇಡಿಕೆಗೆ ಸರಿಯಾಗಿ ಹೊಂದಿಕೊಂಡ ವಾಹನವಾಗಿತ್ತು. ಆದರೆ ಅದು ಲಾರಿಯಂತೆ ಪ್ರತ್ಯೇಕ ಚಾಸಿಯ ಮೇಲೆ ಕೂರಿಸಿದ ವಾಹನ. ಗಟ್ಟಿಮುಟ್ಟಾಗಿತ್ತು, ಕಾರಿನ ನಯ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅದೇ ಬಿಡದಿಯಿಂದ ಬಂದ ‘ಅರ್ಬನ್ ಕ್ರೂಸರ್ ಹೈರೈಡರ್’ ಬೇರೆ ಜಾತಿಗೆ ಸೇರಿದುದು. ಚಾಸಿ ಮತ್ತು ದೇಹ ಒಂದೇ ಆಗಿರುವ ಕಾರಿನ ರಚನೆಗೆ ಎಸ್.ಯು.ವಿ.ಯ ಎತ್ತರವನ್ನೂ ನಿಲುವನ್ನೂ ಕೊಟ್ಟ ಇಂತಹ ವಾಹನವನ್ನು ವಾಹನೋದ್ಯಮದಲ್ಲಿ ಕ್ರಾಸ್‌ಓವರ್ ಎಂದು ಕರೆಯುತ್ತಾರೆ.

ಸುಜುಕಿ ಮತ್ತು ಟೊಯೊಟಾ ಸಂಸ್ಥೆಗಳ ಸಹಯೋಗದ ಫಲವಾದ ಈ ಕಾರಿಗೆ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಎಂಬ ಜೊತೆಗಾರನಿದೆ. ಅದರ ತಯಾರಿಕೆಯೂ ಬಿಡದಿಯಲ್ಲಿಯೇ ಆರಂಭವಾಯಿತು. ಮೂಲ ಚೌಕಟ್ಟು ಸುಜುಕಿಯದು, ಹೈಬ್ರಿಡ್ ತಂತ್ರಜ್ಞಾನ ಟೊಯೊಟಾದ್ದು. ವಿದ್ಯುತ್ ಚಾಲನೆಯ ಬಿಡಿಭಾಗಗಳನ್ನು ರಾಜ್ಯದಲ್ಲಿಯೇ ತಯಾರಿಸುವ ಉದ್ದೇಶದಿಂದ ಟೊಯೊಟಾ ಸಮೂಹದ ಕಂಪನಿಗಳು 2022ರ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರದೊಂದಿಗೆ ರೂ. 4,100 ಕೋಟಿ ಹೂಡಿಕೆಯ ಒಪ್ಪಂದಕ್ಕೆ ಸಹಿ ಹಾಕಿದ್ದವು. ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಕಾರಿಗಿಂತ ಈ ಸಂಗತಿಯೇ ಹೆಚ್ಚು ಮುಖ್ಯವಾದೀತು. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಹೈರೈಡರ್‌ನ ಉದ್ದ 4,365 ಮಿ.ಮೀ., ಅಗಲ 1,795 ಮಿ.ಮೀ., ಚಕ್ರಾಂತರ 2,600 ಮಿ.ಮೀ. ಖರೀದಿದಾರನು ಮೊದಲು ತೀರ್ಮಾನಿಸಬೇಕಾದುದು ಬಣ್ಣವನ್ನಲ್ಲ, ಯಂತ್ರವನ್ನು. ಒಂದು, 1,462 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಯಂತ್ರ. ಇದಕ್ಕೆ ಚಿಕ್ಕದೊಂದು ವಿದ್ಯುತ್ ನೆರವು ಇರುವುದರಿಂದ ‘ಮೈಲ್ಡ್ ಹೈಬ್ರಿಡ್’ ಎಂಬ ಹೆಸರು. ಇನ್ನೊಂದು, 1,490 ಸಿ.ಸಿ.ಯ ಮೂರು ಸಿಲಿಂಡರಿನ ಯಂತ್ರ ಮತ್ತು ವಿದ್ಯುತ್ ಮೋಟಾರು ಕೂಡಿ ಕೆಲಸ ಮಾಡುವ ‘ಸ್ಟ್ರಾಂಗ್ ಹೈಬ್ರಿಡ್’. ಹೊರನೋಟಕ್ಕೆ ಎರಡರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದಿದ್ದರೂ ಚಾಲಕನ ಆಸನದಲ್ಲಿ ಕುಳಿತವರಿಗೆ ಇವು ಎರಡು ಬೇರೆ ಬೇರೆ ಕಾರುಗಳು.

ಸ್ಟ್ರಾಂಗ್ ಹೈಬ್ರಿಡ್ ಕಾರು ಹೊರಡುವಾಗ ಸದ್ದಿಲ್ಲ. ಬ್ಯಾಟರಿಯಲ್ಲಿ ಚಾರ್ಜ್ ಇರುವಷ್ಟು ಕಾಲ ನಿಧಾನಗತಿಯಲ್ಲಿ ಅದು ಮೋಟಾರಿನಿಂದಲೇ ಚಲಿಸುತ್ತದೆ. ವೇಗ ಅಥವಾ ಭಾರ ಹೆಚ್ಚಿದಾಗ ಪೆಟ್ರೋಲ್ ಯಂತ್ರ ಜೊತೆಗೂಡುತ್ತದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಅಗತ್ಯವಿಲ್ಲ, ಅವಕಾಶವೂ ಇಲ್ಲ. ಗೇರು ಬದಲಾವಣೆಯ ಜರ್ಕ್ ಇಲ್ಲದಿರುವುದರಿಂದ ಸಿಲ್ಕ್ ಬೋರ್ಡ್ ವೃತ್ತದಂತಹ ಕಡೆ ನಿಂತು ನಿಂತು ಸಾಗುವವರಿಗೆ ಆಯಾಸ ಕಡಿಮೆ. ಆದರೆ ಘಾಟಿ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮೂರು ಸಿಲಿಂಡರಿನ ಯಂತ್ರ ತನ್ನ ಇರುವಿಕೆಯನ್ನು ಗಟ್ಟಿಯಾಗಿಯೇ ಸಾರುತ್ತದೆ. ಯಂತ್ರ ಮತ್ತು ಮೋಟಾರು ಕೂಡಿ ಕೊಡುವ ಶಕ್ತಿ ಸುಮಾರು 115 ಅಶ್ವಶಕ್ತಿ; ಸಂಸಾರಸ್ಥನಿಗೆ ಸಾಕು, ವೇಗಪ್ರಿಯನಿಗೆ ಸಾಲದು. ಮೈಲ್ಡ್ ಹೈಬ್ರಿಡ್‌ನ ಶಕ್ತಿ ಸುಮಾರು 102 ಅಶ್ವಶಕ್ತಿ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ವ್ಯವಸ್ಥೆ ಇದರಲ್ಲಿ ಮಾತ್ರ ದೊರೆಯುತ್ತದೆ. ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಓಡಾಡುವವರು ಇದನ್ನು ಗಮನಿಸಬೇಕು.

ಮೇಲ್ದರ್ಜೆಯ ಮಾದರಿಗಳಲ್ಲಿ ವಿಶಾಲ ಗಾಜಿನ ಛಾವಣಿ, ಗಾಳಿಯಾಡುವ ಮುಂದಿನ ಆಸನಗಳು, ಸುತ್ತಲೂ ತೋರಿಸುವ ಕ್ಯಾಮೆರಾ ಮುಂತಾದವು ಇವೆ. 2025ರಿಂದ ಆರು ಏರ್‌ಬ್ಯಾಗ್‌ಗಳು ಎಲ್ಲಾ ಮಾದರಿಗಳಿಗೂ ಬಂದಿರುವುದು ಇವೆಲ್ಲಕ್ಕಿಂತ ಮೇಲಾದ ಸೌಲಭ್ಯ. ವರ್ತಕರಿಗೆ ತೊಡಕಾಗುವುದು ಡಿಕ್ಕಿ. ಬ್ಯಾಟರಿ ಹಿಂಭಾಗದಲ್ಲಿ ಇರುವ ಕಾರಣ ಸ್ಟ್ರಾಂಗ್ ಹೈಬ್ರಿಡ್‌ನ ಡಿಕ್ಕಿ ಸುಮಾರು 265 ಲೀಟರ್. ಮೈಲ್ಡ್ ಹೈಬ್ರಿಡ್‌ನದು ಸುಮಾರು 373 ಲೀಟರ್. ಸ್ಯಾಂಪಲ್ ಪೆಟ್ಟಿಗೆಗಳನ್ನು ಒಯ್ಯುವವರು ಷೋರೂಂಗೆ ಹೋಗುವಾಗ ಆ ಪೆಟ್ಟಿಗೆಗಳನ್ನೇ ಜೊತೆಗೆ ತೆಗೆದುಕೊಂಡು ಹೋಗುವುದು ಒಳಿತು.

ಇನ್ನು ಇಂಧನ ಉಳಿತಾಯ. ಪ್ರಮಾಣೀಕೃತ ಅಂಕಿಗಳ ಪ್ರಕಾರ ಸ್ಟ್ರಾಂಗ್ ಹೈಬ್ರಿಡ್ ಲೀಟರಿಗೆ 27.97 ಕಿ.ಮೀ., ಆಟೊಮ್ಯಾಟಿಕ್ ಗೇರಿನ ಮೈಲ್ಡ್ ಹೈಬ್ರಿಡ್ 20.58 ಕಿ.ಮೀ. ಸಾಗುತ್ತವೆ. ಬಿಡುಗಡೆಯಾದಾಗ ‘ವಿ’ ದರ್ಜೆಯಲ್ಲಿ ಇವುಗಳ ಷೋರೂಂ ಬೆಲೆ ಕ್ರಮವಾಗಿ ರೂ. 18.99 ಲಕ್ಷ ಮತ್ತು ರೂ. 17.09 ಲಕ್ಷ ಇದ್ದಿತು. ಅಂತರ ರೂ. 1.90 ಲಕ್ಷ. ಈ ಅಂತರದ ಮೇಲೆ ಶೇ. 17ರ ದರದ ಜೀವಾವಧಿ ರಸ್ತೆ ತೆರಿಗೆ ಸೇರಿಸಿದರೆ ಹೆಚ್ಚುವರಿ ಹೂಡಿಕೆ ರೂ. 2.22 ಲಕ್ಷ ದಾಟುತ್ತದೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದು ಇಟ್ಟುಕೊಂಡರೆ ಪ್ರತಿ ಕಿ.ಮೀ.ಗೆ ಆಗುವ ಉಳಿತಾಯ ಸುಮಾರು ರೂ. 1.28. ಹೆಚ್ಚುವರಿ ಹಣ ವಾಪಸಾಗಲು 1.73 ಲಕ್ಷ ಕಿ.ಮೀ. ಓಡಿಸಬೇಕು! ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವನಿಗೆ ಅದು 14 ವರ್ಷಗಳ ಮಾತು. ಹೈಬ್ರಿಡ್ ಬ್ಯಾಟರಿಯ ವಾರಂಟಿ ಇರುವುದು 8 ವರ್ಷ ಅಥವಾ 1.60 ಲಕ್ಷ ಕಿ.ಮೀ.ವರೆಗೆ ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಬಡ್ಡಿಯ ಲೆಕ್ಕ ಇನ್ನೂ ಹಿಡಿದಿಲ್ಲ.

ಹಾಗೆಂದು ಸ್ಟ್ರಾಂಗ್ ಹೈಬ್ರಿಡ್ ನಷ್ಟದ ಬಾಬ್ತು ಎಂದು ತೀರ್ಮಾನಿಸುವುದು ಅವಸರವಾದೀತು. ಪ್ರಮಾಣೀಕೃತ ಅಂಕಿ ಪ್ರಯೋಗಾಲಯದ್ದು. ನಗರದ ದಟ್ಟಣೆಯಲ್ಲಿ ಸಾಧಾರಣ ಪೆಟ್ರೋಲ್ ಕಾರಿನ ಮೈಲೇಜ್ ಕುಸಿಯುವಷ್ಟು ಹೈಬ್ರಿಡ್‌ನದು ಕುಸಿಯದು. ಉದಾಹರಣೆಗಾಗಿ, ನಗರದಲ್ಲಿ ಒಂದು 11 ಕಿ.ಮೀ., ಇನ್ನೊಂದು 20 ಕಿ.ಮೀ. ಕೊಡುತ್ತದೆ ಎಂದು ಭಾವಿಸಿದರೆ ಪ್ರತಿ ಕಿ.ಮೀ. ಉಳಿತಾಯ ನಾಲ್ಕು ರೂಪಾಯಿ ದಾಟುತ್ತದೆ. ಸುಮಾರು 54 ಸಾವಿರ ಕಿ.ಮೀ.ಗೆ ಹಣ ಹಿಂದಿರುಗುತ್ತದೆ. ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವವನಿಗೆ ಈ ಲಾಭ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಬ್ರೇಕಿನಿಂದ ಮರಳುವ ಶಕ್ತಿ ಅತ್ಯಲ್ಪ. ಪೀಣ್ಯದಿಂದ ಚಿಕ್ಕಪೇಟೆಗೆ ದಿನನಿತ್ಯ ಓಡಾಡುವವನಿಗೂ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿಬರುವವನಿಗೂ ಉತ್ತರ ಒಂದೇ ಆಗಲಾರದು. ಮೂರು ತಿಂಗಳ ಓಡಾಟವನ್ನು ನಗರ, ಹೆದ್ದಾರಿ ಎಂದು ವಿಂಗಡಿಸಿ ಬರೆದಿಟ್ಟು, ಇಂದಿನ ಬೆಲೆಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿದರೆ ಮಾರಾಟ ಪ್ರತಿನಿಧಿಯ ಸಲಹೆ ಬೇಕಾಗುವುದಿಲ್ಲ.

ತೆರಿಗೆಯ ವಿಚಾರದಲ್ಲಿ ತಪ್ಪು ತಿಳಿವಳಿಕೆಗಳು ಹಲವು. ನಾಲ್ಕು ಮೀಟರ್ ಉದ್ದ, 1,500 ಸಿ.ಸಿ. ಯಂತ್ರ ಮತ್ತು 170 ಮಿ.ಮೀ. ನೆಲದಂತರ ಮೀರಿದ ಎಸ್.ಯು.ವಿ.ಗಳ ಮೇಲೆ ಹಿಂದೆ ಜಿ.ಎಸ್.ಟಿ. ಮತ್ತು ಉಪಕರ ಸೇರಿ ಶೇ. 50 ತೆರಿಗೆ ಇದ್ದಿತು. ಹೈರೈಡರ್‌ನ ಎರಡೂ ಯಂತ್ರಗಳು 1,500 ಸಿ.ಸಿ.ಯ ಒಳಗೇ ಇರುವುದು ಕಾಕತಾಳೀಯವೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. 2025ರ ಸೆಪ್ಟೆಂಬರ್ 22ರಿಂದ ಉಪಕರ ರದ್ದಾಗಿ, ನಾಲ್ಕು ಮೀಟರ್ ಮೀರದ, 1,200 ಸಿ.ಸಿ. ಒಳಗಿನ ಪೆಟ್ರೋಲ್ ಕಾರುಗಳಿಗೆ ಶೇ. 18, ಹೈರೈಡರ್‌ನಂತಹ ದೊಡ್ಡ ಕಾರುಗಳಿಗೆ ಶೇ. 40 ಎಂದು ನಿಗದಿಯಾಯಿತು. ಹೈಬ್ರಿಡ್ ಆದರೂ ಇದರಿಂದ ಹೊರತಲ್ಲ. ಐದು ಜನರ ಕುಟುಂಬಕ್ಕೆ ನಾಲ್ಕು ಮೀಟರ್ ಒಳಗಿನ ಕ್ರಾಸ್‌ಓವರ್ ಸಾಲುವುದಾದರೆ ಶೇ. 22ರ ಈ ಅಂತರವನ್ನು ಕಡೆಗಣಿಸುವಂತಿಲ್ಲ.

ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡು, ಕಟ್ಟಿದ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು ಎಂಬ ಭ್ರಮೆ ಇನ್ನೂ ಉಳಿದಿದೆ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮು ಚಾಲಕನೂ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನಗಳಿಗೆ ಈ ಜಮೆಯನ್ನು ತಡೆದಿದೆ. ಕಾರುಗಳ ಮಾರಾಟಗಾರರು, ಪ್ರಯಾಣಿಕ ಸಾರಿಗೆ ನಡೆಸುವವರು ಮತ್ತು ಚಾಲನಾ ತರಬೇತಿ ಶಾಲೆಗಳಿಗೆ ಮಾತ್ರ ವಿನಾಯಿತಿ. ಅಂತಹ ಕಾರಿನ ವಿಮೆ, ದುರಸ್ತಿಗಳ ತೆರಿಗೆಗೂ ಇದೇ ಗತಿ. ಹಿಂದಿನ ಆಸನ ಮಡಚಿ ಬಟ್ಟೆಯ ಗಂಟು ಸಾಗಿಸಿದ ಮಾತ್ರಕ್ಕೆ ಕಾರು ಸರಕು ವಾಹನವಾಗದು. ಪಡೆಯಬಾರದ ಜಮೆಯನ್ನು ಪಡೆದು ಬಳಸಿದವರು ಅದನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ.

ಜಮೆ ದೊರೆಯದ ತೆರಿಗೆ ಕಾರಿನ ವೆಚ್ಚದ ಭಾಗವಾಗುತ್ತದೆ. ಅದರ ಮೇಲೆಯೂ ವರ್ಷಕ್ಕೆ ಶೇ. 15 ಸವಕಳಿ ಲಭ್ಯ. ಸ್ವಂತ ಬಳಕೆಯ ಪಾಲನ್ನು ಮಾತ್ರ ಕಳೆಯಬೇಕು. ಖರೀದಿಸಿದ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ ಮಾತ್ರ. ಗಣೇಶನ ಹಬ್ಬಕ್ಕೆ ಕಾರು ತಂದವನಿಗೆ ಪೂರ್ಣ ಸವಕಳಿ, ದೀಪಾವಳಿಗೆ ತಂದವನಿಗೆ ಅರ್ಧ. ಆಯುಧಪೂಜೆಯವರು ಪಂಚಾಂಗವನ್ನು ನೋಡಿಕೊಳ್ಳಬೇಕು.

ಮುಂದೆ ಕಾರನ್ನು ಮಾರುವಾಗಲೂ ಒಂದು ಲೆಕ್ಕವಿದೆ. ನೋಂದಾಯಿತ ವ್ಯಾಪಾರಸ್ಥನು ಸಂಸ್ಥೆಯ ಹಳೆಯ ಕಾರನ್ನು ಮಾರಿದಾಗ, ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತದ ಮೇಲೆ ಜಿ.ಎಸ್.ಟಿ. ಕಟ್ಟಬೇಕು. ಈ ದರ 2025ರ ಜನವರಿಯಿಂದ ಎಲ್ಲಾ ಬಗೆಯ ಹಳೆಯ ಕಾರುಗಳಿಗೂ ಶೇ. 18. ರೂ. 20 ಲಕ್ಷ ವೆಚ್ಚದ ಕಾರಿನ ಮೌಲ್ಯ ಐದು ಪೂರ್ಣ ವರ್ಷಗಳ ಸವಕಳಿಯ ಬಳಿಕ ಸುಮಾರು ರೂ. 8.87 ಲಕ್ಷಕ್ಕೆ ಇಳಿಯುತ್ತದೆ. ಅದು ರೂ. 11 ಲಕ್ಷಕ್ಕೆ ಮಾರಾಟವಾದರೆ ಕಟ್ಟಬೇಕಾದ ತೆರಿಗೆ ಸುಮಾರು ರೂ. 38 ಸಾವಿರ, ರೂ. 8.50 ಲಕ್ಷಕ್ಕೆ ಮಾರಾಟವಾದರೆ ಏನೂ ಇಲ್ಲ.