ಹವಳದ ದಿಣ್ಣೆಯ ಅಲೆ ಮತ್ತು ಹವೆ

ಮಳೆ ಬರುವುದೋ ಇಲ್ಲವೋ ಎಂದು ತಿಳಿಯಬೇಕಾದಾಗ ನಾವು ತಲೆಯೆತ್ತಿ ಆಕಾಶವನ್ನು ನೋಡುತ್ತೇವೆ. ಮೂಡಲಲ್ಲಿ ಮಿಂಚಿದರೆ, ಇರುವೆಗಳು ಮೊಟ್ಟೆ ಹೊತ್ತು ಸಾಲುಗಟ್ಟಿ ಹೊರಟರೆ, ಮಳೆ ಹತ್ತಿರವಾಯಿತೆಂದು ಹೇಳುವುದು ನಮ್ಮ ರೈತರ ವಾಡಿಕೆ. ಕಣ್ಣಿಗೆ ಕಾಣುವ ಆಕಾಶಕ್ಕೂ ಬರಲಿರುವ ಹವೆಗೂ ಸಂಬಂಧವುಂಟೆಂಬ ನಂಬಿಕೆ ಇದಕ್ಕೆ ಆಧಾರ. ಬಯಲುಸೀಮೆಯಲ್ಲಿ ಇದು ಬಹುಮಟ್ಟಿಗೆ ಸರಿಯಾದುದೇ ಆಗಿದೆ. ಆದರೆ ಇದೇ ನಂಬಿಕೆಯನ್ನು ಹೊತ್ತು ಭೂಮಧ್ಯರೇಖೆಯ ಬಳಿಯ ಹವಳದ್ವೀಪವೊಂದಕ್ಕೆ ಹೋದವನು ಮೋಸಹೋಗುವನು. ಅಲ್ಲಿ ಆಕಾಶ ತಿಳಿಯಾಗಿ, ತೆಂಗಿನ ಗರಿಯೂ ಅಲುಗದೆ ಇರುವ ದಿನವೇ ಆಳೆತ್ತರವನ್ನು ಮೀರಿದ ಅಲೆಗಳು ದಿಣ್ಣೆಯ ಮೇಲೆ ಮುರಿದು ಬೀಳಬಹುದು. ಮೋಡ ಕವಿದು ಮಳೆ ಸುರಿಯುವ ದಿನ ಅಲೆ ಮೊಣಕಾಲನ್ನು ಮುಟ್ಟದೆಯೂ ಇರಬಹುದು. ಅಲ್ಲಿಯ ಹವೆ ಒಂದು, ಅಲ್ಲಿಯ ಅಲೆ ಮತ್ತೊಂದು. ಇವೆರಡನ್ನೂ ಬೇರೆಬೇರೆಯಾಗಿ ಓದಲು ಕಲಿಯದವನಿಗೆ ಕಡಲಿನ ಮುನ್ಸೂಚನೆ ಅರ್ಥವಾಗದು. ಇದರ ಕಾರಣವನ್ನು ಮಾಲ್ಡೀವ್ ದ್ವೀಪಗಳ ನಿದರ್ಶನದಿಂದ ವಿವರಿಸಲು ಯತ್ನಿಸುತ್ತೇವೆ.

ಕನ್ಯಾಕುಮಾರಿಯಿಂದ ನೈಋತ್ಯಕ್ಕೆ, ಭೂಮಧ್ಯರೇಖೆಯನ್ನು ದಾಟುವವರೆಗೆ, ೮೦೦ ಕಿಲೋಮೀಟರಿಗೂ ಮಿಕ್ಕ ಉದ್ದಕ್ಕೆ ಮಾಲ್ಡೀವ್ ದ್ವೀಪಗಳು ಹರಡಿವೆ. ಅವುಗಳ ಸಂಖ್ಯೆ ಸುಮಾರು ೧,೨೦೦. ಕೊರಳ ಹಾರವನ್ನು ನೆಲದ ಮೇಲೆ ಬಿಟ್ಟಂತೆ, ನಡುವೆ ತಿಳಿನೀರಿನ ಕೊಳ, ಸುತ್ತಲೂ ಹವಳದ ದಿಣ್ಣೆ, ದಿಣ್ಣೆಯ ಮೇಲೆ ಅಲ್ಲಲ್ಲಿ ದ್ವೀಪ. ಇಂತಹ ವಲಯಕ್ಕೆ ಅಟಾಲ್ ಎಂದು ಹೆಸರು. ಇಂದು ಲೋಕವೆಲ್ಲ ಬಳಸುವ ಈ ಪದ ಆ ದ್ವೀಪಗಳ ದಿವೇಹಿ ಭಾಷೆಯಿಂದಲೇ ಬಂದದ್ದು. ಆ ದೇಶದಲ್ಲಿ ಬೆಟ್ಟವಿಲ್ಲ, ಗುಡ್ಡವಿಲ್ಲ. ನೆಲದ ಸರಾಸರಿ ಎತ್ತರ ಕಡಲಮಟ್ಟದಿಂದ ಒಂದೂವರೆ ಮೀಟರು ಮಾತ್ರ. ಹೀಗಿರುವಲ್ಲಿ ಅಲೆಯ ಎತ್ತರವೆಂಬುದು ಕೇವಲ ಕುತೂಹಲದ ವಿಷಯವಲ್ಲ, ಮನೆಯ ಹೊಸಿಲಿನ ವಿಷಯ.

ಮೊದಲು ಅಲೆಯ ಹುಟ್ಟನ್ನು ನೋಡೋಣ. ಕಡಲಿನ ಅಲೆಗೆ ತಾಯಿ ಗಾಳಿ. ಗಾಳಿ ಎಷ್ಟು ಬಲವಾಗಿ, ಎಷ್ಟು ಹೊತ್ತು, ಎಷ್ಟು ವಿಸ್ತಾರವಾದ ನೀರಿನ ಮೇಲೆ ಬೀಸಿತೆಂಬ ಮೂರು ಸಂಗತಿಗಳಿಂದ ಅಲೆಯ ಗಾತ್ರ ನಿರ್ಧಾರವಾಗುವುದು. ಹತ್ತಿರದ ಗಾಳಿಯಿಂದ ಆಗತಾನೆ ಎದ್ದ ಅಲೆಗಳು ಗಿಡ್ಡವಾಗಿ, ಒಂದರ ಮೇಲೊಂದು ಬಿದ್ದು, ಕ್ರಮವಿಲ್ಲದೆ ಬರುವುವು. ಇವನ್ನು ಗಾಳಿಯಲೆಗಳೆನ್ನೋಣ. ಗಾಳಿ ನಿಂತರೆ ಇವೂ ಬೇಗನೆ ಅಡಗುವುವು. ಆದರೆ ಆಫ್ರಿಕದ ತುದಿಗೂ ಆಸ್ಟ್ರೇಲಿಯಕ್ಕೂ ದಕ್ಷಿಣದಲ್ಲಿ, ೪೦ರಿಂದ ೬೦ ಡಿಗ್ರಿ ಅಕ್ಷಾಂಶಗಳ ನಡುವೆ, ತಡೆಯಲು ನೆಲವೇ ಇಲ್ಲದ ಕಡಲಿನಲ್ಲಿ ದಿನಗಟ್ಟಲೆ ಬೀಸುವ ಬಿರುಗಾಳಿಗಳುಂಟು. ಅವು ಎಬ್ಬಿಸಿದ ಅಲೆಗಳು ತಾವು ಹುಟ್ಟಿದ ಗಾಳಿಯನ್ನು ಹಿಂದೆ ಬಿಟ್ಟು, ಉದ್ದವಾದ ನಯವಾದ ಏರಿಳಿತಗಳಾಗಿ ಸಾವಿರಾರು ಕಿಲೋಮೀಟರು ನಡೆಯುವುವು. ಇವನ್ನು ಉಬ್ಬಲೆಗಳೆಂದು ಕರೆಯಬಹುದು. ನಡುಗಡಲಿನಲ್ಲಿ ಹಡಗಿನವರು ಇವು ಹಾದುಹೋದದ್ದನ್ನು ಅರಿಯದಿರುವುದೂ ಉಂಟು.

ಇಲ್ಲಿ ಒಂದು ಮುಖ್ಯವಾದ ಅಳತೆಯನ್ನು ತಿಳಿದಿರಬೇಕು. ಒಂದು ಅಲೆಯ ನೆತ್ತಿ ನಮ್ಮನ್ನು ದಾಟಿದ ಮೇಲೆ ಮುಂದಿನ ನೆತ್ತಿ ಬರುವುದಕ್ಕೆ ಹಿಡಿಯುವ ಕಾಲವನ್ನು ಅಲೆಯ ಅವಧಿ ಎನ್ನುವರು. ಗಾಳಿಯಲೆಗೆ ಅವಧಿ ಐದಾರು ಸೆಕೆಂಡು. ದೂರದಿಂದ ಬಂದ ಉಬ್ಬಲೆಗೆ ಹದಿನಾಲ್ಕು, ಹದಿನೆಂಟು, ಕೆಲವು ವೇಳೆ ಇಪ್ಪತ್ತು. ಅವಧಿ ಹೆಚ್ಚಿದಷ್ಟೂ ಆಳವಾದ ನೀರಿನಲ್ಲಿ ಅಲೆಯ ಉದ್ದವೂ ವೇಗವೂ ಹೆಚ್ಚುವುವು. ೮ ಸೆಕೆಂಡಿನ ಅಲೆ ನೆತ್ತಿಯಿಂದ ನೆತ್ತಿಗೆ ಸುಮಾರು ೧೦೦ ಮೀಟರು ಉದ್ದ. ೧೬ ಸೆಕೆಂಡಿನದು ಸುಮಾರು ೪೦೦ ಮೀಟರು. ೧೨ ಸೆಕೆಂಡಿನ ಅಲೆಗಳ ತಂಡ ದಿನಕ್ಕೆ ಸುಮಾರು ೮೦೦ ಕಿಲೋಮೀಟರು ನಡೆದರೆ, ೧೮ ಸೆಕೆಂಡಿನ ತಂಡ ಸುಮಾರು ೧,೨೦೦ ಕಿಲೋಮೀಟರು ನಡೆಯುವುದು. ದಕ್ಷಿಣದ ೫೦ನೆಯ ಡಿಗ್ರಿಯಿಂದ ಮಾಲ್ಡೀವಿನ ರಾಜಧಾನಿ ಮಾಲೆಗೆ ಸುಮಾರು ೬,೦೦೦ ಕಿಲೋಮೀಟರು. ಆದುದರಿಂದ ಒಂದೇ ಬಿರುಗಾಳಿಯಲ್ಲಿ ಒಟ್ಟಿಗೆ ಹುಟ್ಟಿದ ಅಲೆಗಳಲ್ಲಿ ಉದ್ದನೆಯವು ಐದನೆಯ ದಿನ ಬಂದರೆ, ಗಿಡ್ಡನೆಯವು ಏಳೆಂಟನೆಯ ದಿನ ಬರುವುವು. ಜಾತ್ರೆಗೆ ಒಂದೇ ಊರಿನಿಂದ ಹೊರಟವರಲ್ಲಿ ಕುದುರೆಯವರು ಮೊದಲು, ಗಾಡಿಯವರು ಆಮೇಲೆ, ಕಾಲ್ನಡಿಗೆಯವರು ಕಡೆಗೆ ಬಂದು ಸೇರುವಂತೆಯೇ ಇದು. ಮೊದಲ ದಿನ ಬರುವ ಅಲೆ ಎತ್ತರದಲ್ಲಿ ಅಲ್ಪವಾಗಿದ್ದರೂ ಅವಧಿಯಲ್ಲಿ ದೀರ್ಘವಾಗಿದ್ದರೆ, ಹಿಂದೆ ದೊಡ್ಡ ದಂಡು ಬರುತ್ತಿದೆಯೆಂದು ಬಲ್ಲವರು ತಿಳಿಯುವರು.

ಇದು ಬರಿಯ ಊಹೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೈನ್ಯವನ್ನು ದಡಕ್ಕಿಳಿಸಲು ತಕ್ಕ ದಿನವನ್ನು ಅರಿಯಬೇಕಾಗಿ ಬಂದಾಗ, ಹೆರಾಲ್ಡ್ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮಂಕ್ ಎಂಬ ವಿಜ್ಞಾನಿಗಳು ಅಲೆಯನ್ನು ಮುಂದಾಗಿ ಲೆಕ್ಕಹಾಕುವ ಕ್ರಮವನ್ನು ರೂಪಿಸಿದರು. ೧೯೬೩ರಲ್ಲಿ ಮಂಕ್ ಅವರೂ ಅವರ ಸಹೋದ್ಯೋಗಿಗಳೂ ಶಾಂತಸಾಗರದ ಉದ್ದಕ್ಕೂ ಅಳತೆಯ ಠಾಣೆಗಳನ್ನಿಟ್ಟು, ದಕ್ಷಿಣ ಗೋಲಾರ್ಧದ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳು ಉತ್ತರದ ಅಲಾಸ್ಕದವರೆಗೂ ಸಾಗುವುದನ್ನು ತೋರಿಸಿಕೊಟ್ಟರು.

ಹೀಗೆ ಬಂದ ಅಲೆ ದಿಣ್ಣೆಯನ್ನು ತಲುಪಿದಾಗ ನಡೆಯುವುದೇನು? ಅಲೆ ತನ್ನ ಉದ್ದದ ಅರ್ಧದಷ್ಟು ಆಳದಲ್ಲಿ ಕಡಲ ತಳವನ್ನು ಮುಟ್ಟತೊಡಗುವುದು. ಮೂಲ್ಕಿ, ಮಲ್ಪೆಗಳಂತಹ ನಮ್ಮ ಮರಳಿನ ಕರೆಯಲ್ಲಿ ತಳ ಬಹುದೂರದಿಂದಲೇ ಮೆಲ್ಲಮೆಲ್ಲನೆ ಏರಿಬರುವುದರಿಂದ, ಅಲೆ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ದಾರಿಯಲ್ಲಿಯೇ ಕಳೆದುಕೊಂಡು ಬರುವುದು. ಹವಳದ ದಿಣ್ಣೆಯಾದರೋ ಆಳವಾದ ಕಡಲಿನಿಂದ ಕೋಟೆಯ ಗೋಡೆಯಂತೆ ನೆಟ್ಟಗೆ ಎದ್ದಿರುವುದು. ಓಡಿಬಂದ ಅಲೆಯ ಕಾಲು ಥಟ್ಟನೆ ಎಡವಿದಂತಾಗಿ, ಹಿಂದಿನ ನೀರು ಮುಂದಿನದನ್ನು ಒತ್ತಿ, ಅಲೆ ಎತ್ತರಕ್ಕೇಳುವುದು; ನೀರಿನ ಆಳ ಅಲೆಯ ಎತ್ತರಕ್ಕಿಂತ ತುಸುವೇ ಹೆಚ್ಚೆಂಬಷ್ಟಾದಾಗ ನೆತ್ತಿ ಮುಂದಕ್ಕೆ ಬಾಗಿ ಕೊಳವೆಯಂತೆ ಸುರುಳಿಯಾಗಿ ಬೀಳುವುದು. ದಿಣ್ಣೆಯ ನಡುವೆ ನೀರು ಹೋಗಿಬರುವ ಕಾಲುವೆಗಳಿರುವೆಡೆ, ಅಲೆ ದಿಣ್ಣೆಯ ಅಂಚನ್ನು ಸುತ್ತಿ ಬಾಗಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಪರದೆ ಸರಿಸಿದಂತೆ ಕ್ರಮವಾಗಿ ಮುರಿಯುವುದು. ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಆಟದವರು ಸಾವಿರಾರು ಮೈಲಿ ದೂರದಿಂದ ಹುಡುಕಿಕೊಂಡು ಬರುವುದು ಈ ಅಲೆಯನ್ನೇ. ೧೯೭೩ರಲ್ಲಿ ಟೋನಿ ಹಿಂಡ್ ಎಂಬ ಆಸ್ಟ್ರೇಲಿಯದ ಯುವಕ ಪ್ರಯಾಣಮಾಡುತ್ತಿದ್ದ ಹಾಯಿನೌಕೆ ಉತ್ತರ ಮಾಲೆ ಅಟಾಲಿನ ದಿಣ್ಣೆಗೆ ಬಡಿದು ಒಡೆಯಿತು. ಆತ ಅಲ್ಲಿಯೇ ನೆಲಸಿ ಈ ಅಲೆಗಳನ್ನು ಏರಿದ ಮೇಲೆ ಆ ಆಟ ಆ ದೇಶದಲ್ಲಿ ಬೇರೂರಿತು.

ಇನ್ನು ಋತುಗಳ ವಿಚಾರ. ಮಾಲ್ಡೀವಿನವರು ವರ್ಷವನ್ನು ಎರಡಾಗಿ ಭಾಗಿಸುವರು: ಈಶಾನ್ಯದ ಗಾಳಿಯ ಇರುವೈ, ನೈಋತ್ಯ ಮತ್ತು ಪಶ್ಚಿಮಗಳ ಗಾಳಿಯ ಹುಳಂಗು. ಇವೆರಡನ್ನೂ ಒಟ್ಟು ೨೭ ನಕೈಗಳಾಗಿ ಹಂಚಿದ್ದಾರೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ನಕೈ ಎಂದರೆ ನಮ್ಮ ನಕ್ಷತ್ರವೇ. ರೋಹಿಣಿ, ಹಸ್ತ, ಚಿತ್ತೆಗಳನ್ನು ಅವರು ರೋನು, ಅತ, ಹಿತ ಎನ್ನುವರು. ನಮ್ಮ ರೈತನು ಯಾವ ಮಳೆಗೆ ಯಾವ ಬಿತ್ತನೆಯೆಂದು ನೋಡುವಂತೆ, ಅವರ ಮೀನುಗಾರನು ಯಾವ ನಕೈಯಲ್ಲಿ ಕಡಲು ಕೆಡುವುದು, ಯಾವುದರಲ್ಲಿ ಮೀನು ಸಿಕ್ಕುವುದೆಂದು ನೋಡುತ್ತ ಬಂದಿದ್ದಾನೆ. ಹುಳಂಗಿನ ಕಾಲವೇ ದಕ್ಷಿಣ ಗೋಲಾರ್ಧದ ಚಳಿಗಾಲವಾದುದರಿಂದ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಉಬ್ಬಲೆಗಳು ಹೆಚ್ಚು. ಆಗ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಅಟಾಲಿನ ಪಡುವಣ ಅಂಚಿನಲ್ಲಿ ಕಡಲು ಕೆದರಿರುವುದು; ಮೂಡಣ ಅಂಚಿನಲ್ಲಿ ಅದೇ ಗಾಳಿ ದಡದಿಂದ ಕಡಲ ಕಡೆಗೆ ಬೀಸಿ, ತೆಂಕಣಿಂದ ಬಂದ ಅಲೆಯ ಮುಖವನ್ನು ಎತ್ತಿಹಿಡಿದು ನಯಗೊಳಿಸುವುದು. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಒಂದೆಡೆ ಕೆಟ್ಟ ಕಡಲು, ಇನ್ನೊಂದೆಡೆ ಒಳ್ಳೆಯ ಅಲೆ!

ಇಷ್ಟನ್ನು ತಿಳಿದವನು ಮುನ್ಸೂಚನೆಯ ಪತ್ರದಲ್ಲಿ ಐದು ಅಂಕಗಳನ್ನು ನೋಡಬೇಕು: ಅಲೆಯ ಎತ್ತರ, ಅವಧಿ, ದಿಕ್ಕು, ಸ್ಥಳದ ಗಾಳಿ, ಭರತ ಇಳಿತಗಳ ವೇಳೆ. ಹೊಸಬನು ಎತ್ತರವೊಂದನ್ನೇ ನೋಡುವನು. ಒಂದೂವರೆ ಮೀಟರಿನ ಅಲೆ ೮ ಸೆಕೆಂಡಿನದಾದರೆ ಅದು ಬರಿಯ ಕುಲುಕಾಟ. ಅದೇ ಎತ್ತರ ೧೬ ಸೆಕೆಂಡಿನದಾದರೆ ಅದು ಹೊತ್ತುತರುವ ಶಕ್ತಿ ಇಮ್ಮಡಿ, ದಿಣ್ಣೆಯ ಮೇಲೆ ಅದು ಏಳುವ ಎತ್ತರವೂ ಹೆಚ್ಚು. ಇದಲ್ಲದೆ ಉಬ್ಬಲೆಗಳು ತಂಡತಂಡವಾಗಿ ಬರುವುವು. ಒಂದು ತಂಡ ಹೋದ ಮೇಲೆ ಹಲವು ನಿಮಿಷ ಕಡಲು ಕೊಳದಂತೆ ನಿಶ್ಚಲವಾಗಿರುವುದು. ಆ ಶಾಂತಿಯನ್ನು ನಂಬಿ ದಿಣ್ಣೆಯ ಅಂಚಿಗೆ ಹೋದವನ ಮೇಲೆ ಮುಂದಿನ ತಂಡ ಬೀಳುವುದು. ಭರತ ಇಳಿತಗಳ ಅಂತರ ಅಲ್ಲಿ ಹೆಚ್ಚೆಂದರೆ ಸುಮಾರು ಒಂದು ಮೀಟರು; ಆದರೆ ದಿಣ್ಣೆಯ ಮೇಲಿನ ನೀರೇ ಒಂದೆರಡು ಮೀಟರಿರುವಲ್ಲಿ ಇದು ಅಲ್ಪವಲ್ಲ. ಇಳಿತದಲ್ಲಿ ಚೂರಿಯಂತಹ ಹವಳ ನೀರಿನ ಮಟ್ಟಕ್ಕೆ ಬಂದು ಆಟಗಾರನಿಗೆ ಅಪಾಯ. ಭರತದಲ್ಲಿ ಅಲೆ ದಿಣ್ಣೆಯನ್ನು ದಾಟಿ ಒಳನುಗ್ಗಿ ಊರಿನವರಿಗೆ ಅಪಾಯ.

ಈ ಎರಡನೆಯ ಅಪಾಯ ಎಷ್ಟು ದೊಡ್ಡದೆಂಬುದನ್ನು ೧೯೮೭ರ ಏಪ್ರಿಲ್ ತಿಂಗಳು ತೋರಿಸಿತು. ದೂರದ ದಕ್ಷಿಣ ಹಿಂದೂಸಾಗರದಲ್ಲಿ ಹುಟ್ಟಿದ ಉಬ್ಬಲೆಗಳು ಮಾಲೆ ನಗರಕ್ಕೆ ನುಗ್ಗಿ, ಕಡಲನ್ನು ತುಂಬಿ ಮಾಡಿದ್ದ ಹೊಸ ನೆಲವನ್ನು ಕೊಚ್ಚಿದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ದೇಶದ ಅಧ್ಯಕ್ಷರಾಗಿದ್ದ ಮಾಮೂನ್ ಅಬ್ದುಲ್ ಗಯೂಮ್ ಅವರು ವಿಶ್ವಸಂಸ್ಥೆಯ ಸಭೆಯಲ್ಲಿ ಕಡಲು ಏರಿದರೆ ತಮ್ಮ ನಾಡಿಗೆ ಒದಗುವ ಗತಿಯನ್ನು ಲೋಕದ ಮುಂದಿಟ್ಟರು. ಬಳಿಕ ನಗರದ ಸುತ್ತ ಕಾಂಕ್ರೀಟಿನ ತಡೆಗೋಡೆ ಎದ್ದಿತು. ೨೦೦೭ರ ಮೇ ತಿಂಗಳಲ್ಲಿ ಮತ್ತೊಂದು ಉಬ್ಬಲೆ ೧೨ನೆಯ ತಾರೀಖು ರಿಯೂನಿಯನ್ ದ್ವೀಪವನ್ನು ಬಡಿದು, ಮೂರು ದಿನಗಳ ಮೇಲೆ ಮಾಲ್ಡೀವಿನ ಅನೇಕ ದ್ವೀಪಗಳಿಗೆ ನೀರು ನುಗ್ಗಿಸಿತು. ಆ ಮೂರು ದಿನಗಳ ಅಂತರವೇ ಮುನ್ಸೂಚನೆಯ ಬೆಲೆ. ಅಲೆ ದಾರಿಯಲ್ಲಿರುವಾಗಲೇ ಸುದ್ದಿ ಮುಟ್ಟಿದರೆ ದೋಣಿಯನ್ನು ಮೇಲಕ್ಕೆಳೆದು, ಮಕ್ಕಳನ್ನೂ ಮುದುಕರನ್ನೂ ಒಳಕ್ಕೆ ಸಾಗಿಸಲು ಅದು ಸಾಕು.

ನಮ್ಮ ಕರೆಗೂ ಈ ಅತಿಥಿ ಬರುವುದುಂಟು. ಕೇರಳದ ಬೆಸ್ತರು ಇದನ್ನು ಕಳ್ಳಕ್ಕಡಲ್, ಎಂದರೆ ಕಳ್ಳನಂತೆ ಬರುವ ಕಡಲು, ಎನ್ನುವರು. ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕದು. ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿದಿವಿ ದ್ವೀಪಗಳೂ ಹವಳದವೇ ಆಗಿ, ಇದೇ ಅಲೆಯ ದಾರಿಯಲ್ಲಿವೆ. ಹೈದರಾಬಾದಿನಲ್ಲಿರುವ ಭಾರತೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಈಗ ಉಬ್ಬಲೆಯ ಎತ್ತರವನ್ನೂ ಅವಧಿಯನ್ನೂ ಲೆಕ್ಕಮಾಡಿ, ಕರ್ನಾಟಕದ ಕರಾವಳಿಗೂ ಎಚ್ಚರಿಕೆಯನ್ನು ಕಳುಹಿಸುತ್ತದೆ.

ಕೊನೆಯದಾಗಿ ದಿಣ್ಣೆಯ ಮಾತು. ಲೋಕದ ನಾನಾ ಭಾಗಗಳ ಅಳತೆಗಳನ್ನು ಕೂಡಿಸಿ ೨೦೧೪ರಲ್ಲಿ ಪ್ರಕಟವಾದ ಲೆಕ್ಕದಂತೆ, ಹವಳದ ದಿಣ್ಣೆಗಳು ಅಲೆಯ ಶಕ್ತಿಯಲ್ಲಿ ಸರಾಸರಿ ನೂರಕ್ಕೆ ೯೭ ಪಾಲನ್ನು ತಾವೇ ನುಂಗುವುವು. ಯಾವ ಶಿಲ್ಪಿಯೂ ಕಟ್ಟದ, ತನ್ನನ್ನು ತಾನೇ ದುರಸ್ತಿಮಾಡಿಕೊಳ್ಳುವ ಗೋಡೆಯಿದು. ಆದರೆ ಹವಳ ಜೀವಂತವಾಗಿರುವವರೆಗೆ ಮಾತ್ರ. ೧೯೯೮ ಮತ್ತು ೨೦೧೬ರಲ್ಲಿ ಕಡಲು ಮಿತಿಮೀರಿ ಬಿಸಿಯಾದಾಗ ಮಾಲ್ಡೀವಿನ ಹವಳಗಳು ಬೆಳ್ಳಗಾಗಿ, ಬಹುಪಾಲು ಸತ್ತುವು. ಸತ್ತ ದಿಣ್ಣೆ ಸವೆಯುವುದು. ಸವೆದ ದಿಣ್ಣೆಯ ಮೇಲೆ ನೀರು ಆಳವಾಗುವುದು. ಆಳವಾದ ನೀರಿನಲ್ಲಿ ಅಲೆ ಮುರಿಯದೆ ದಡಕ್ಕೆ ಬರುವುದು. ನಾಳೆಯ ಅಲೆಯನ್ನು ಬಿರುಗಾಳಿಯ ಲೆಕ್ಕದಿಂದ ಹೇಳಬಹುದು. ಮುಂದಿನ ತಲೆಮಾರಿನ ಅಲೆ ಹೇಗಿರುವುದೆಂದು ತಿಳಿಯಬೇಕಾದರೆ ನೀರಿನೊಳಗಿನ ಹವಳ ಬದುಕಿದೆಯೇ ಎಂದು ನೋಡಬೇಕು.