ಉಸಿರಿನ ಅರಿವು, ಮನಸ್ಸಿನ ಸಮತೆ

ಬೌದ್ಧಧ್ಯಾನವೆಂದೊಡನೆ ಗುಹೆ, ಕಾನನ, ಕಾಷಾಯವಸ್ತ್ರಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಪಾಳಿಯಲ್ಲಿ ‘ಸತಿ’ಯೆಂದೂ ಸಂಸ್ಕೃತದಲ್ಲಿ ‘ಸ್ಮೃತಿ’ಯೆಂದೂ ಕರೆಯಲ್ಪಡುವ ಸಾಧನೆಯು ಸಂಸಾರವನ್ನು ತೊರೆದವರಿಗಷ್ಟೇ ಮೀಸಲಾದುದಲ್ಲ. ನಡೆಯುತ್ತಿರುವುದನ್ನು ನಡೆಯುತ್ತಿರುವಾಗಲೇ ಅರಿಯುವುದು ಅದರ ತಿರುಳು.

ಸತಿಪಟ್ಠಾನ ಸುತ್ತವು ಈ ಅರಿವಿಗೆ ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ನೆಲೆಗಳನ್ನು ಹೇಳುತ್ತದೆ. ಇಲ್ಲಿ ವೇದನೆಯೆಂದರೆ ನೋವು ಮಾತ್ರವಲ್ಲ. ಸುಖ, ದುಃಖ ಹಾಗೂ ಅವೆರಡೂ ಅಲ್ಲದ ಅನುಭವಗಳೂ ಅದರಲ್ಲಿ ಅಡಗಿವೆ. ಧರ್ಮವೆಂದರೆ ಮನಸ್ಸಿಗೆ ಗೋಚರವಾಗುವ ವಿಷಯಗಳು.

ಶೀಲವಿಲ್ಲದ ಧ್ಯಾನಕ್ಕೆ ಬುಡವಿಲ್ಲವೆಂಬುದು ಬೌದ್ಧರ ಮತ. ದಾವಣಗೆರೆಗೆ ನೆರೆಯಾದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಗುರುಗೌರವಗಳನ್ನು ಬೋಧಿಸುತ್ತವೆ. ಗೃಹಸ್ಥನ ಸಾಧನೆಯೂ ಇಲ್ಲಿಂದಲೇ ಮೊದಲಾಗಬೇಕು.

ಗೃಹಸ್ಥರೇ ಈ ವಿದ್ಯೆಯನ್ನು ಉಳಿಸಿ ಬೆಳೆಸಿದುದಕ್ಕೆ ನಿದರ್ಶನವುಂಟು. ಬರ್ಮಾದ ಊ ಬಾ ಖಿನ್ ಅವರು ಆ ದೇಶದ ಮಹಾಲೇಖಪಾಲರಾಗಿದ್ದುಕೊಂಡೇ ವಿಪಶ್ಯನ ಧ್ಯಾನವನ್ನು ಕಲಿಸಿದರು. ಅವರ ಶಿಷ್ಯರೂ ವ್ಯಾಪಾರಸ್ಥರೂ ಆಗಿದ್ದ ಎಸ್. ಎನ್. ಗೋಯೆಂಕಾ ಅವರು 1969ರಲ್ಲಿ ಅದನ್ನು ಭಾರತಕ್ಕೆ ತಂದರು. ಹತ್ತು ದಿನಗಳ ಶಿಬಿರದಲ್ಲಿ ಮೊದಲು ಉಸಿರನ್ನು, ಬಳಿಕ ದೇಹದ ಸಂವೇದನೆಗಳನ್ನು ಗಮನಿಸುವುದು ಅವರ ಕ್ರಮ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಅವರು ಸ್ಮೃತಿಸಾಧನೆಯನ್ನು ರೋಗಿಗಳ ಮನೋಭಾರದ ಶಮನಕ್ಕೂ ಅಳವಡಿಸಿದರು.

ಎಸ್.ಎಸ್. ಬಡಾವಣೆಯ ಮನೆಯೊಂದರಲ್ಲಿ ಮುಂಜಾನೆ ಹತ್ತು ನಿಮಿಷ ನೆಟ್ಟಗೆ ಕುಳಿತು, ಉಸಿರನ್ನು ಬಿಗಿಹಿಡಿಯದೆ, ಅದರ ಬರುಹೋಗುಗಳನ್ನು ಗಮನಿಸಿದರೆ ಸಾಕು. ಮನಸ್ಸು ಅಲೆದಾಡೀತು; ಅಲೆದುದನ್ನು ಅರಿತು ಬೇಸರಿಸದೆ ಹಿಂದಕ್ಕೆ ಕರೆತರುವುದೇ ಅಭ್ಯಾಸ.

ಅದರ ನಿಜವಾದ ಪರೀಕ್ಷೆ ತರಗತಿಯಲ್ಲಿ. ಮೂರು ಬಾರಿ ಹೇಳಿಕೊಟ್ಟ ಲೆಕ್ಕವನ್ನು ವಿದ್ಯಾರ್ಥಿಯು ಮತ್ತೆ ತಪ್ಪಿದಾಗ ಅಧ್ಯಾಪಕರ ಎದೆ ಬಿಗಿಯುತ್ತದೆ, ಮುಖ ಬಿಸಿಯೇರುತ್ತದೆ, ಕಟುವಾದ ಮಾತು ನಾಲಗೆಯ ತುದಿಗೆ ಬರುತ್ತದೆ. ಆ ಬಿಸುಪನ್ನು ಆಗಲೇ ಗುರುತಿಸಿದವರಿಗೆ ಒಂದು ಉಸಿರಿನಷ್ಟು ಬಿಡುವು ದೊರೆಯುತ್ತದೆ. ತಪ್ಪನ್ನು ತಿದ್ದುವುದು ಅನಿವಾರ್ಯ. ಮಗುವನ್ನು ನೋಯಿಸುವುದು ಅನಿವಾರ್ಯವಲ್ಲ. ಈ ಅಂತರವನ್ನು ತೋರುವುದೇ ಆ ಬಿಡುವು.

ಧ್ಯಾನವು ಸರ್ವರೋಗಪರಿಹಾರಿಯಲ್ಲ. ತೀವ್ರ ಮನೋವ್ಯಥೆಯುಳ್ಳವರು ವೈದ್ಯರ ಸಲಹೆಯನ್ನು ಪಡೆಯಲೇಬೇಕು. ಉಳಿದವರಿಗೆ ಅದು ಹಣವನ್ನು ಬೇಡದ, ನಿತ್ಯದ ಕೆಲಸವನ್ನೂ ಬಿಡಿಸದ ಸಾಧನೆ. ಶಾಂತಚಿತ್ತನಾದ ಗುರುವಿನೆದುರು ಮಗುವು ತನ್ನ ತಪ್ಪನ್ನು ಅಂಜದೆ ಒಪ್ಪಿಕೊಳ್ಳುವುದು. ಕಲಿಕೆಯು ಅಲ್ಲಿಂದಲೇ ಪ್ರಾರಂಭವಾಗುವುದು.